ಗಡಿನಾಡ ಗಾಂಧಿಯ ಅಣ್ಣ

ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳು ಸಮಾಜ ವಿಜ್ಞಾನದ ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿದ್ದಳು. ಗಡಿನಾಡ ಗಾಂಧಿ ಎಂದರೆ ಖಾನ್ ಅಬ್ದುಲ್ ಗಫಾರ್ ಖಾನ್. ಒಂದು ಅಂಕ. 'ಅವರಿಗೊಬ್ಬ ಅಣ್ಣ ಇದ್ದರು, ಗೊತ್ತೇನೇ?' ಎಂದೆ. 'ಪರೀಕ್ಷೆಗೆ ಬರುತ್ತಾ ಅಪ್ಪ?' ಎಂದಳು. ಬರುವುದಿಲ್ಲ. ಆದರೂ ಹೇಳಿದೆ.

ಅಣ್ಣನ ಹೆಸರು ಅಬ್ದುಲ್ ಜಬ್ಬಾರ್ ಖಾನ್. ಜನ ಕರೆಯುತ್ತಿದ್ದುದು ಡಾಕ್ಟರ್ ಖಾನ್ ಸಾಹೇಬ್ ಎಂದು. ಪೆಶಾವರದ ಹತ್ತಿರದ ಉತ್ಮಾನ್‌ಜೈ ಹಳ್ಳಿಯ ಜಮೀನ್ದಾರರ ಮನೆ. ಮುಂಬಯಿಯಲ್ಲಿ, ಆಮೇಲೆ ಲಂಡನ್ನಿನಲ್ಲಿ ವೈದ್ಯ ವ್ಯಾಸಂಗ. ಹಾಗೆ ಹೋದ ದೊಡ್ಡ ಮಗ ಅಲ್ಲಿಯೇ ಇಂಗ್ಲಿಷ್ ಹೆಣ್ಣನ್ನು ಮದುವೆಯಾದ. ತಮ್ಮನಿಗೂ ವಿಲಾಯತಿಯ ಅವಕಾಶ ಬಂದಾಗ ತಾಯಿ ಬಿಡಲಿಲ್ಲ. ಒಬ್ಬ ಮಗ ಕೈಬಿಟ್ಟದ್ದು ಸಾಕು ಎಂದುಕೊಂಡಳು. ಮಕ್ಕಳನ್ನು ವಿದೇಶಕ್ಕೆ ಕಳಿಸಿ ಫೋನಿನ ಮುಂದೆ ಕೂರುವ ನಮ್ಮ ತಾಯಂದಿರಿಗೆ ಆಕೆಯ ಮನಸ್ಸು ಅರ್ಥವಾದೀತು.

ಆ ಮಗ ಹಿಂದಿರುಗಿ ಬಂದ. ಸರ್ಕಾರದ ವೈದ್ಯ ಸೇವೆಯಲ್ಲಿ ಒಳ್ಳೆಯ ಹುದ್ದೆಯಿತ್ತು. ತನ್ನದೇ ಪಠಾಣರ ವಿರುದ್ಧ ಸೇನೆ ಹೋರಾಡುತ್ತಿದ್ದ ವಜೀರಿಸ್ತಾನಕ್ಕೆ ಹೋಗಲು ಒಪ್ಪದೆ 1921ರಲ್ಲಿ ಅದನ್ನು ಬಿಟ್ಟ. ಮುಂದೆ ತಮ್ಮನ ಜೊತೆ ಚಳವಳಿ, ಸೆರೆಮನೆ. 1934ರಲ್ಲಿ ಬಿಡುಗಡೆಯಾದರೂ ಸ್ವಂತ ಪ್ರಾಂತಕ್ಕೆ ಕಾಲಿಡುವಂತಿರಲಿಲ್ಲ. ವಾರ್ಧಾದಲ್ಲಿ ಗಾಂಧೀಜಿಯ ಬಳಿ ಇದ್ದರು.

1937ರ ಸೆಪ್ಟೆಂಬರಿನಲ್ಲಿ ಡಾಕ್ಟರ್ ವಾಯವ್ಯ ಗಡಿ ಪ್ರಾಂತದ ಮುಖ್ಯಮಂತ್ರಿಯಾದರು. ನೂರಕ್ಕೆ ತೊಂಬತ್ತು ಮಂದಿ ಮುಸ್ಲಿಮರಿದ್ದ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ! 1946ರಲ್ಲೂ ಐವತ್ತು ಸ್ಥಾನಗಳಲ್ಲಿ ಮೂವತ್ತು ಗೆದ್ದರು. ಮರುವರ್ಷ ಜುಲೈನಲ್ಲಿ ಜನಮತಗಣನೆ: ಭಾರತವೋ, ಪಾಕಿಸ್ತಾನವೋ? ಪಠಾಣರದೇ ನಾಡು ಎಂಬ ಮೂರನೆಯ ಆಯ್ಕೆ ಇಲ್ಲವೆಂದು ಸೋದರರು ಅದನ್ನು ಬಹಿಷ್ಕರಿಸಿದರು. ಪಾಕಿಸ್ತಾನಕ್ಕೆ 2,89,244 ಮತ, ಭಾರತಕ್ಕೆ 2,874. ಆಗಸ್ಟ್ 22ರಂದು, ಹೊಸ ದೇಶಕ್ಕೆ ವಾರ ತುಂಬಿದ ಬೆನ್ನಲ್ಲೇ, ಡಾಕ್ಟರ ಸರ್ಕಾರ ವಜಾ. ಸದನದಲ್ಲಿ ಅವರು ಬಹುಮತ ಕಳೆದುಕೊಂಡಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಅಣ್ಣನೂ ಪಾಠದಲ್ಲಿ ಇರುತ್ತಿದ್ದರೇನೋ. 1954ರಲ್ಲಿ ಅವರು ಅದೇ ಪಾಕಿಸ್ತಾನದ ಕೇಂದ್ರ ಮಂತ್ರಿಯಾದರು. ಮರುವರ್ಷ ಪಂಜಾಬ್, ಸಿಂಧ್, ಗಡಿ ಪ್ರಾಂತ, ಬಲೂಚಿಸ್ತಾನಗಳನ್ನೆಲ್ಲ ಕಲಸಿ 'ಒನ್ ಯೂನಿಟ್' ಎಂಬ ಒಂದೇ ಪ್ರಾಂತ ಮಾಡಿದಾಗ ಅದರ ಮೊದಲ ಮುಖ್ಯಮಂತ್ರಿಯಾದರು. (ಇತ್ತ ನಾವು 1956ರಲ್ಲಿ ಭಾಷೆಯ ಹೆಸರಿನಲ್ಲಿ ಒಂದಾದೆವು, ಅತ್ತ ಭಾಷೆಗಳನ್ನು ಅಳಿಸಿ ಒಂದು ಮಾಡಿದ್ದರು.) ತಮ್ಮ ಊರೂರು ತಿರುಗಿ ಅದನ್ನು ವಿರೋಧಿಸಿದ. 1956ರಲ್ಲಿ ಅವನ ಬಂಧನವಾಯಿತು. ಆಗ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ಅಣ್ಣ.

'ಅಧಿಕಾರದಾಸೆಯಾ?' ಮಗಳು ಪುಸ್ತಕ ಮುಚ್ಚಿದ್ದಳು. ಸುಲಭವಾಗಿ ಹೌದೆನ್ನಲು ನನಗೆ ಮನಸ್ಸಾಗಲಿಲ್ಲ. ಲಾಹೋರಿನವರೊಡನೆ ಜಗಳ ಸಾಕು, ಒಳಗಿದ್ದೇ ಏನಾದರೂ ಮಾಡೋಣ ಎಂದುಕೊಂಡಿರಬಹುದು. ಲೆಕ್ಕ ತಪ್ಪಿತು ಎಂದೇ ನನ್ನ ಅಭಿಪ್ರಾಯ. ಪಠಾಣರ ಹಕ್ಕಿಗಾಗಿ ಹುದ್ದೆ ಬಿಟ್ಟವರು ಪಠಾಣರ ಪ್ರಾಂತವನ್ನೇ ಅಳಿಸಿದ ಏರ್ಪಾಡಿಗೆ ಮುಖವಾದರು. ಎರಡು ವರ್ಷ ತುಂಬುವ ಮುನ್ನ ಆ ಕುರ್ಚಿಯೂ ಹೋಯಿತು.

1958ರ ಮೇ 9. ಲಾಹೋರಿನಲ್ಲಿ ಮಗನ ಮನೆಯ ತೋಟದಲ್ಲಿ ಬೆಳಿಗ್ಗೆ ಕೂತಿದ್ದರು. ಕೆಲಸ ಕಳೆದುಕೊಂಡಿದ್ದ ಒಬ್ಬ ಪಟವಾರಿ, ನಮ್ಮ ಕಡೆ ಶಾನುಭೋಗರೆನ್ನುತ್ತಿದ್ದರಲ್ಲ ಅಂಥವನು, ಬಂದು ಇರಿದ. ಅವರನ್ನು ಉತ್ಮಾನ್‌ಜೈಯಲ್ಲೇ ಮಣ್ಣು ಮಾಡಿದರು. ತಮ್ಮ ಇನ್ನೂ ಮೂವತ್ತು ವರ್ಷ ಬದುಕಿ, ಮತ್ತೆ ಮತ್ತೆ ಸೆರೆಮನೆ ಕಂಡು, 1988ರಲ್ಲಿ ತೀರಿಕೊಂಡ. ತನ್ನ ಇಚ್ಛೆಯಂತೆ ಗಡಿಯಾಚೆ, ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ಮಣ್ಣಾದ. ಒನ್ ಯೂನಿಟ್ 1970ರಲ್ಲೇ ಮುರಿದುಬಿದ್ದಿತ್ತು.

ನಮ್ಮ ಮನೆಯಲ್ಲೂ 1978ರ ಚುನಾವಣೆಯಲ್ಲಿ ನಮ್ಮಪ್ಪ ಒಂದು ಪಕ್ಷ, ದೊಡ್ಡಪ್ಪ ಇನ್ನೊಂದು. ಹಜಾರದ ನಡುವೆ ಗೋಡೆ ಎದ್ದಿತು. ದೊಡ್ಡಪ್ಪ ಹೋದ ದಿನ ಅಪ್ಪ ಬಾಗಿಲವರೆಗೆ ಹೋಗಿ, ಚಪ್ಪಲಿ ಬಿಚ್ಚದೆ ನಿಂತೇ ಇದ್ದರು. ಇದನ್ನು ಮಗಳಿಗೆ ಯಾವತ್ತೂ ಹೇಳಿರಲಿಲ್ಲ. ಅವತ್ತು ಹೇಳಿದೆ.

'ಆಮೇಲೆ ತಾತ ಒಳಗೆ ಹೋದರಾ?' ಎಂದಳು.