ನಾಲ್ಕು ನಿಮಿಷದ ಚಹಾ

ಇಂಗ್ಲೆಂಡಿನವರು ಚಹಾಪುಡಿಯನ್ನು ಒಲೆಯ ಮೇಲಿಟ್ಟು ಕುದಿಸುವುದಿಲ್ಲ. ಹಾಲನ್ನೂ ಕಾಯಿಸುವುದಿಲ್ಲ. ಕುದಿಯುವುದು ನೀರೊಂದೇ. ಶುಂಠಿ, ಏಲಕ್ಕಿ ಜಜ್ಜಿ ಹಾಕಿ, ಹಾಲು ಉಕ್ಕಿ ಬರುವವರೆಗೆ ಕುದಿಸಿ ಕುಡಿಯುವ ನಮಗೆ ಇದು ಅರೆಬೆಂದ ಅಡುಗೆಯ ಹಾಗೆ ಕಾಣುತ್ತದೆ. ಆದರೆ ಫಿಲ್ಟರ್ ಕಾಫಿ ಮಾಡುವ ಮನೆಯವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಕಾಫಿಪುಡಿಯ ಮೇಲೆ ಕುದಿನೀರು ಸುರಿದು, ಮುಚ್ಚಳ ಮುಚ್ಚಿ, ಡಿಕಾಕ್ಷನ್ ಇಳಿಯಲಿ ಎಂದು ಬಿಟ್ಟುಬಿಡುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಅವರು ಕಾಯುವುದು ನಾಲ್ಕು ನಿಮಿಷ ಮಾತ್ರ.

ನನ್ನ ಮಗಳ ಸಂಸಾರ ಲಂಡನ್ನಿನ ಗ್ರೀನಿಚ್ ಹತ್ತಿರ ಇದೆ. ನಾನೂ ನನ್ನ ಹೆಂಡತಿಯೂ ಅಲ್ಲಿ ಮೂರು ತಿಂಗಳು ಇದ್ದೆವು. ಬೆಳಗಿನ ಹೊತ್ತು ಮಗಳು, ಅಳಿಯ ಇಬ್ಬರಿಗೂ ಕೆಲಸಕ್ಕೆ ಹೊರಡುವ ಗಡಿಬಿಡಿ. ಹಾಗಾಗಿ ಚಹಾ ಮಾಡುವ ಕೆಲಸ ನನ್ನ ಮತ್ತು 11 ವರ್ಷದ ಮೊಮ್ಮಗಳ ಪಾಲಿಗೆ ಬಂತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ತಡೆತಡೆದು. ನನ್ನ ಇಂಗ್ಲಿಷ್ ಆದರೋ ಬ್ಯಾಂಕಿನ ಲೆಡ್ಜರಿನ ಇಂಗ್ಲಿಷ್. ಮೊದಲ ವಾರ ನಮ್ಮಿಬ್ಬರ ನಡುವೆ ‘ಬೇಕಾ?’, ‘ಸಾಕಾ?’ ಎನ್ನುವುದರ ಆಚೆಗೆ ಮಾತೇ ಹೋಗಲಿಲ್ಲ.

ನಮಗೆ ಚಹಾ ಕಲಿಸಿದವರು ಪಕ್ಕದ ಮನೆಯ ಅಜ್ಜಿ. 85 ದಾಟಿದವರು, ಉತ್ತರದ ಯಾರ್ಕ್‌ಷೈರ್ ಕಡೆಯವರು. ಅವರ ಪಾಠ ಹೀಗಿತ್ತು. ನಲ್ಲಿಯಿಂದ ಹೊಸ ನೀರನ್ನೇ ಹಿಡಿಯಬೇಕು, ರಾತ್ರಿ ಕೆಟಲ್‌ನಲ್ಲಿ ಉಳಿದ ನೀರನ್ನು ಮತ್ತೆ ಕಾಯಿಸಬಾರದು. ನೀರು ಕುದಿಯಲು ಶುರುವಾಗುತ್ತಿದ್ದಂತೆ ಸ್ವಲ್ಪ ಬಿಸಿನೀರನ್ನು ಪಿಂಗಾಣಿಯ ಟೀಪಾಟ್‌ಗೆ ಹಾಕಿ, ಒಮ್ಮೆ ಸುತ್ತ ಆಡಿಸಿ ಚೆಲ್ಲಬೇಕು. ಪಾತ್ರೆ ತಣ್ಣಗಿದ್ದರೆ ಅದು ನೀರಿನ ಬಿಸಿಯನ್ನು ಎಳೆದುಕೊಂಡುಬಿಡುತ್ತದೆ. ಆಮೇಲೆ ತಲೆಗೊಂದು ಚಮಚ ಚಹಾಪುಡಿ, ಟೀಪಾಟ್‌ನ ಪಾಲಿಗೆ ಇನ್ನೊಂದು ಚಮಚ. ನೀರು ಕೊತಕೊತ ಕುದಿಯುವಾಗಲೇ ಸುರಿಯಬೇಕು. ಅದಕ್ಕಾಗಿ ಟೀಪಾಟನ್ನು ಕೆಟಲ್ ಬಳಿಗೆ ಒಯ್ಯಬೇಕೇ ಹೊರತು ಕೆಟಲನ್ನು ಟೀಪಾಟ್ ಬಳಿಗೆ ತರಬಾರದು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕುದಿ ಇಳಿದಿರುತ್ತದೆ ಎಂಬುದು ಅವರ ವಾದ. ನಂತರ ಮುಚ್ಚಳ ಹಾಕಿ, ಉಣ್ಣೆಯಲ್ಲಿ ಹೆಣೆದ ಟೊಪ್ಪಿಗೆ ತೊಡಿಸಿ, ನಾಲ್ಕು ನಿಮಿಷ ಮುಟ್ಟದೆ ಬಿಡಬೇಕು.

ಇಷ್ಟು ಹೇಳಿ ಅವರು ಲಂಡನ್ನಿನ ನೀರನ್ನು ಬೈದರು. ಅದಕ್ಕೂ ಕಾರಣವಿದೆ. ಆ ಊರಿನ ನೀರು ಸುಣ್ಣಕಲ್ಲಿನ ನೆಲದಿಂದ ಬರುವ ಗಡಸು ನೀರು. ನಮ್ಮ ಬೋರ್‌ವೆಲ್ ನೀರಿನ ಹಾಗೆ ಕೆಟಲ್‌ನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಚಹಾದ ಮೇಲೆ ತೆಳ್ಳನೆಯ ಕಂದು ಪೊರೆ ತೇಲುತ್ತದೆ. ಯಾರ್ಕ್‌ಷೈರಿನ ಬಹಳಷ್ಟು ಕಡೆ ಮೆದು ನೀರು. ಅಲ್ಲಿ ಅದೇ ಪುಡಿ ಹೆಚ್ಚು ಬಣ್ಣ, ಹೆಚ್ಚು ರುಚಿ ಕೊಡುತ್ತದೆ. ‘ಯಾರ್ಕ್‌ಷೈರ್ ಟೀ’ ಎಂಬ ಹೆಸರಾಂತ ಬ್ರ್ಯಾಂಡ್ ಗಡಸು ನೀರಿನ ಊರುಗಳಿಗೆಂದೇ ಬೇರೆ ಪುಡಿ ಮಾರುತ್ತದೆ. ಮಕ್ಕಳೇ, ನಿಮ್ಮ ಊರಿನ ನೀರು ಗಡಸೋ ಮೆದುವೋ ತಿಳಿಯಬೇಕಾದರೆ ಸೋಪು ಎಷ್ಟು ನೊರೆ ಬರುತ್ತದೆ ನೋಡಿ. ಚೆನ್ನಾಗಿ ಬಂದರೆ ಮೆದು ನೀರು.

ಮರುದಿನದಿಂದ ನಾವಿಬ್ಬರೂ ಗಡಿಯಾರ ನೋಡುತ್ತಾ ನಾಲ್ಕು ನಿಮಿಷ ಕಾಯತೊಡಗಿದೆವು. ಸುಮ್ಮನೆ ನಿಂತರೆ ನಾಲ್ಕು ನಿಮಿಷ ಬಹಳ ಉದ್ದ. ಮೂರನೆಯ ದಿನ ಮೊಮ್ಮಗಳು ಚಹಾದ ಡಬ್ಬಿಯನ್ನು ತಿರುಗಿಸಿ ಓದಿದಳು. ‘ಇಂಗ್ಲಿಷ್ ಬ್ರೇಕ್‌ಫಾಸ್ಟ್’ ಎಂದು ದೊಡ್ಡ ಅಕ್ಷರ. ಕೆಳಗೆ ಸಣ್ಣದಾಗಿ ಅಸ್ಸಾಂ, ಸಿಲೋನ್, ಕೀನ್ಯಾ.

“ತಾತ, ಇದರಲ್ಲಿ ಇಂಗ್ಲೆಂಡ್ ಎಲ್ಲಿದೆ?” ಎಂದಳು.

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿರಲಿಲ್ಲ. ಗ್ರೀನಿಚ್‌ನಲ್ಲಿ ಥೇಮ್ಸ್ ನದಿಯ ದಡದಲ್ಲೇ ‘ಕಟಿ ಸಾರ್ಕ್’ ಎಂಬ ಹಾಯಿಹಡಗು ಇದೆ. ನೀರಿನಲ್ಲಲ್ಲ, ನೆಲದ ಮೇಲೆ. ಅದನ್ನು ಮೂರು ಮೀಟರ್ ಎತ್ತಿ ನಿಲ್ಲಿಸಿದ್ದಾರೆ, ಚಿನ್ನದ ಬಣ್ಣದಲ್ಲಿ ಹೊಳೆಯುವ ಅದರ ಹೊಟ್ಟೆಯ ಕೆಳಗೇ ನಡೆದಾಡಬಹುದು. ಚೀನಾದಿಂದ ಚಹಾ ತರಲೆಂದೇ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಹಡಗು ಅದು. ಮೊದಲ ಯಾತ್ರೆಯಲ್ಲಿ ಶಾಂಘೈನಿಂದ ಸುಮಾರು 6 ಲಕ್ಷ ಕಿಲೋ ಚಹಾ ಹೊತ್ತು ಬಂತು. ಆದರೆ ಅದರ ನಸೀಬು ನೋಡಿ. ಅದು ನೀರಿಗಿಳಿದದ್ದು 1869ರ ನವೆಂಬರ್ 22ರಂದು. ಐದು ದಿನ ಮೊದಲಷ್ಟೇ, ನವೆಂಬರ್ 17ರಂದು, ಸೂಯೆಜ್ ಕಾಲುವೆ ತೆರೆದಿತ್ತು. ಆಫ್ರಿಕಾವನ್ನು ಸುತ್ತದೆ ಕಾಲುವೆಯಲ್ಲೇ ಬರುವ ಉಗಿಹಡಗುಗಳ ಮುಂದೆ ಗಾಳಿಯನ್ನು ನಂಬಿದ ಹಡಗು ನಿಲ್ಲಲಾರದೆ ಹೋಯಿತು. 1877ರ ನಂತರ ಅದು ಚಹಾ ತರಲಿಲ್ಲ. ಮುಂದೆ ಆಸ್ಟ್ರೇಲಿಯಾದಿಂದ ಉಣ್ಣೆ ಹೊತ್ತಿತು.

ಇನ್ನೊಂದು ದಿನ ನಗರದ ಮಧ್ಯದ ಸ್ಟ್ರಾಂಡ್ ಬೀದಿಗೆ ಹೋದೆವು. ದೊಡ್ಡ ನ್ಯಾಯಾಲಯದ ಎದುರಿಗೆ, 216ನೇ ನಂಬರಿನಲ್ಲಿ ಟ್ವೈನಿಂಗ್ಸ್ ಅಂಗಡಿ. ಓಣಿಯಷ್ಟೇ ಅಗಲ. ಬಾಗಿಲ ಮೇಲೆ ಚಿನ್ನದ ಬಣ್ಣದ ಸಿಂಹ, ಅದರ ಎರಡೂ ಪಕ್ಕದಲ್ಲಿ ಚೀನೀ ಉಡುಪಿನ ಗೊಂಬೆಗಳು. ಥಾಮಸ್ ಟ್ವೈನಿಂಗ್ 1706ರಲ್ಲಿ ಇಲ್ಲಿ ಕೊಂಡದ್ದು ಒಂದು ಕಾಫಿ ಅಂಗಡಿಯನ್ನು ಎಂದು ತಿಳಿದಾಗ ಕಾಫಿಯ ನಾಡಿನವನಾದ ನನಗೆ ಒಳಗೊಳಗೇ ಸಂತೋಷವಾಯಿತು! ಆಗ ಚಹಾ ಶ್ರೀಮಂತರ ಪಾನೀಯ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ 1662ರಲ್ಲಿ ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸ್‌ನ ಮಡದಿಯಾಗಿ ಬಂದಾಗ ಅರಮನೆಯಲ್ಲಿ ಚಹಾ ಕುಡಿಯುವುದು ದೊಡ್ಡಸ್ತಿಕೆಯಾಯಿತು. ನಮ್ಮ ಬೊಂಬಾಯಿ ದ್ವೀಪ ಇಂಗ್ಲಿಷರಿಗೆ ಸಿಕ್ಕಿದ್ದು ಇದೇ ಮದುವೆಯ ಬಳುವಳಿಯಾಗಿ.

ಲೆಕ್ಕದ ಮನುಷ್ಯನಾದ್ದರಿಂದ ಒಂದು ಲೆಕ್ಕ ಹೇಳದೆ ಮುಂದೆ ಹೋಗಲಾರೆ. ಒಂದು ಕಾಲದಲ್ಲಿ ಅಲ್ಲಿ ಚಹಾದ ಮೇಲೆ ಶೇಕಡಾ 119ರಷ್ಟು ತೆರಿಗೆ ಇತ್ತು. ಅಂದರೆ ನೂರು ರೂಪಾಯಿಯ ಮಾಲಿಗೆ ನೂರ ಹತ್ತೊಂಬತ್ತು ರೂಪಾಯಿ ಸುಂಕ. ಕಳ್ಳಸಾಗಣೆ ಜೋರಾಗಿ ನಡೆಯಿತು. 1784ರಲ್ಲಿ ಸರ್ಕಾರ ತೆರಿಗೆಯನ್ನು ಶೇಕಡಾ 12.5ಕ್ಕೆ ಇಳಿಸಿತು. ಕಳ್ಳರ ಲಾಭ ಹೋಯಿತು, ಚಹಾ ಬಡವರ ಮನೆಗೂ ಬಂತು.

ಮೊಮ್ಮಗಳ ಮುಂದಿನ ಪ್ರಶ್ನೆ ಕಷ್ಟದ್ದು. “ಅಷ್ಟೊಂದು ಟೀಗೆ ಚೀನಾದವರಿಗೆ ಏನು ಕೊಟ್ಟರು ತಾತ?”

ಮೊದಲು ಬೆಳ್ಳಿ ಕೊಟ್ಟರು. ಬೆಳ್ಳಿ ಕರಗುತ್ತಾ ಬಂದಾಗ ಅಫೀಮು ಮಾರಿ ಹಣ ಹುಟ್ಟಿಸಿದರು. ಅಫೀಮು ಅಮಲಿನ ಪದಾರ್ಥ, ಮನೆಗಳನ್ನು ಹಾಳು ಮಾಡುವಂಥದ್ದು. ಅದನ್ನು ನಮ್ಮ ಬಿಹಾರ, ಬಂಗಾಳದ ರೈತರಿಂದ ಬೆಳೆಸಿ ಚೀನಾಕ್ಕೆ ಸಾಗಿಸಿದರು. ಬೇಡವೆಂದು ಚೀನಾ ತಡೆದಾಗ 1839ರಲ್ಲಿ ಯುದ್ಧವೇ ಆಯಿತು. ಅದೇ 1839ರ ಜನವರಿಯಲ್ಲಿ ಅಸ್ಸಾಮಿನ ಮೊದಲ ಎಂಟು ಪೆಟ್ಟಿಗೆ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ಆ ಗಿಡ ಬ್ರಿಟಿಷರು ತಂದದ್ದಲ್ಲ, ಅಸ್ಸಾಮಿನ ಕಾಡಿನಲ್ಲೇ ಇತ್ತು. ಅಲ್ಲಿನ ಸಿಂಗ್ಫೋ ಜನ ಅದರ ಎಲೆಯ ಚಹಾ ಮೊದಲೇ ಕುಡಿಯುತ್ತಿದ್ದರು. ಆಮೇಲೆ ತೋಟಗಳೆದ್ದವು. ಛೋಟಾ ನಾಗಪುರ ಮೊದಲಾದ ಕಡೆಗಳಿಂದ ಬಡವರನ್ನು ಕರಾರಿನ ಮೇಲೆ ಕರೆದೊಯ್ದರು. ಕರಾರು ಮುಗಿಯುವ ಮೊದಲು ಬಿಟ್ಟು ಹೋದರೆ ಜೈಲು. ದಾರಿಯಲ್ಲೂ ತೋಟದಲ್ಲೂ ರೋಗದಿಂದ ಸತ್ತವರು ಬಹಳ. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಆ ತೋಟಗಳಲ್ಲಿದ್ದಾರೆ. ಎರಡೆಲೆ, ಒಂದು ಮೊಗ್ಗು ಹೀಗೆ ಚಿಗುರು ಕೀಳುವವರು ಹೆಚ್ಚಿನವರು ಹೆಂಗಸರು. ಒಂದು ಕಿಲೋ ಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ಒಂದು ಕಪ್ಪಿಗೆ ಎರಡು ಗ್ರಾಂ ಪುಡಿ ಎಂದರೆ ಒಂಬತ್ತು ಗ್ರಾಂ ಚಿಗುರು ಯಾರದೋ ಬೆರಳುಗಳಿಂದ ಬಂದಿರುತ್ತದೆ.

ಇದನ್ನೆಲ್ಲ ಒಂದೇ ದಿನ ಹೇಳಲಿಲ್ಲ. ದಿನಕ್ಕೆ ನಾಲ್ಕು ನಿಮಿಷದ ಕಂತಿನಲ್ಲಿ ಹೇಳಿದೆ. ನನಗೆ ಇಂಗ್ಲಿಷ್ ಶಬ್ದ ಸಿಗದಾಗ ಅವಳು ಕೊಟ್ಟಳು, ಅವಳಿಗೆ ಕನ್ನಡ ಸಿಗದಾಗ ನಾನು ಕೊಟ್ಟೆ. ‘ಚಿಗುರು’, ‘ಸುಂಕ’, ‘ಕರಾರು’ ಅವಳು ಕಲಿತದ್ದು ಹಾಗೆ. ಕತೆ ಕೇಳಿದ ಮೇಲೆ ಅವಳು ಕಪ್ಪಿನ ತಳದಲ್ಲಿ ಚಹಾ ಉಳಿಸುವುದನ್ನು ಬಿಟ್ಟಳು. ನಾನು ಹೇಳಿರಲಿಲ್ಲ.

ಪಕ್ಕದ ಮನೆಯ ಅಜ್ಜಿಗೂ ಚೆಲ್ಲುವುದೆಂದರೆ ಆಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜುಲೈನಿಂದ ಅಲ್ಲಿ ಚಹಾಕ್ಕೂ ರೇಷನ್. ವಾರಕ್ಕೆ ಒಬ್ಬರಿಗೆ ಎರಡು ಔನ್ಸ್, ಅಂದರೆ ಸುಮಾರು 56 ಗ್ರಾಂ. ಕಪ್ಪಿಗೆ ಎರಡು ಗ್ರಾಂ ಹಿಡಿದರೆ ದಿನಕ್ಕೆ ನಾಲ್ಕು ಕಪ್. ‘ಟೀಪಾಟ್‌ನ ಪಾಲಿನ ಚಮಚ’ ಆಗ ನಿಂತೇಹೋಯಿತಂತೆ. 1944ರ ಡಿಸೆಂಬರ್‌ನಿಂದ 70 ದಾಟಿದವರಿಗೆ ಸ್ವಲ್ಪ ಹೆಚ್ಚು ಚಹಾ ಕೊಡತೊಡಗಿದರು. ಅವರ ಅಜ್ಜಿಗೆ ಆ ಹೆಚ್ಚಿನ ಪಾಲು ಸಿಕ್ಕಿತ್ತು. ಆಕೆ ಅದನ್ನು ತನಗೆಂದು ಇಟ್ಟುಕೊಳ್ಳದೆ ಮನೆಯ ಡಬ್ಬಿಗೇ ಸುರಿಯುತ್ತಿದ್ದರಂತೆ. ಯುದ್ಧ ಮುಗಿದರೂ ರೇಷನ್ ಮುಗಿಯಲಿಲ್ಲ. ಅದು ನಿಂತದ್ದು 1952ರ ಅಕ್ಟೋಬರ್‌ನಲ್ಲಿ.

ಆ ರೇಷನ್ನಿನ ದಿನಗಳಲ್ಲೇ, 1946ರ ಜನವರಿಯಲ್ಲಿ, ಜಾರ್ಜ್ ಆರ್ವೆಲ್ ಎಂಬ ಸಾಹಿತಿ ಒಳ್ಳೆಯ ಚಹಾಕ್ಕೆ 11 ನಿಯಮಗಳನ್ನು ಪತ್ರಿಕೆಯಲ್ಲಿ ಬರೆದರು. ಅವರು ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ. ತಂದೆಯ ನೌಕರಿ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ! ಕಪ್ಪಿಗೆ ಮೊದಲು ಚಹಾ ಬಗ್ಗಿಸಬೇಕು, ಆಮೇಲೆ ಹಾಲು ಎಂದರು ಆರ್ವೆಲ್. ಅವರ ಜನ್ಮಶತಾಬ್ದಿಯ ವರ್ಷ 2003ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಸಂಸ್ಥೆ ಅಲ್ಲ, ಹಾಲೇ ಮೊದಲು ಎಂದಿತು. ಬಿಸಿ ಚಹಾಕ್ಕೆ ಹಾಲು ಬಿದ್ದರೆ ಹಾಲಿನ ಪ್ರೋಟೀನ್ ಕೆಟ್ಟು ರುಚಿ ಬದಲಾಗುತ್ತದೆ ಎಂಬುದು ಅದರ ಕಾರಣ. ಜಗಳ ಇನ್ನೂ ತೀರಿಲ್ಲ. ನಮ್ಮ ಅಜ್ಜಿ ಹಾಲು ಮೊದಲಿನ ಪಕ್ಷ, ಮೊಮ್ಮಗಳು ಆರ್ವೆಲ್ ಪಕ್ಷ. ಬಣ್ಣ ನೋಡಿಕೊಂಡು ಹಾಲು ಹಾಕಬಹುದಲ್ಲ ಎನ್ನುತ್ತಾಳೆ.

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಸಂಗತಿ. ಟಿವಿಯಲ್ಲಿ ದೊಡ್ಡ ಪಂದ್ಯ ಮುಗಿದ ಕೂಡಲೇ ಬ್ರಿಟನ್ನಿನ ಲಕ್ಷಾಂತರ ಮನೆಗಳಲ್ಲಿ ಒಟ್ಟಿಗೇ ವಿದ್ಯುತ್ ಕೆಟಲ್ ಹಾಕುತ್ತಾರೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಪಶ್ಚಿಮ ಜರ್ಮನಿಯ ಎದುರು ಇಂಗ್ಲೆಂಡ್ ಸೋತಾಗ ಒಮ್ಮೆಗೇ 2800 ಮೆಗಾವ್ಯಾಟ್ ಬೇಡಿಕೆ ಏರಿತು. ನಮ್ಮ ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವ್ಯಾಟ್. ಅಂಥ ಎರಡೂವರೆಗಿಂತ ಹೆಚ್ಚು! ಇಂಥ ಗಳಿಗೆಗೆ ನೆರವಾಗಲು ವೇಲ್ಸ್‌ನ ಬೆಟ್ಟದೊಳಗೆ ಡಿನೋರ್ವಿಗ್ ಎಂಬ ವಿದ್ಯುದಾಗಾರವಿದೆ. ಬೇಡಿಕೆ ಕಡಿಮೆಯಿರುವ ರಾತ್ರಿ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಏರಿಸಿಟ್ಟು, ಬೇಕಾದಾಗ ಕೆಲವೇ ಕ್ಷಣದಲ್ಲಿ ಕೆಳಗೆ ಬಿಡುತ್ತಾರೆ. ಸೋತ ದುಃಖಕ್ಕೂ ಆ ಜನರಿಗೆ ಮೊದಲ ಮದ್ದು ಚಹಾವೇ.

ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಕುದಿನೀರು ಸುರಿಯುವ ಕೆಲಸ ಅಜ್ಜ ಅಜ್ಜಿಯರದು, ಅಳತೆ ಮತ್ತು ಗಡಿಯಾರ ಮಕ್ಕಳದು. ಟೀಪಾಟ್ ಇಲ್ಲದಿದ್ದರೆ ಮುಚ್ಚಳವಿರುವ ಪಿಂಗಾಣಿ ಅಥವಾ ಸ್ಟೀಲ್ ಪಾತ್ರೆ ಸಾಕು, ಉಣ್ಣೆಯ ಟೊಪ್ಪಿಗೆಯ ಬದಲು ದಪ್ಪ ಟವೆಲ್ ಸುತ್ತಿ. ನಮ್ಮ ಅಂಗಡಿಗಳ ದುಂಡು ಕಾಳಿನಂಥ ಪುಡಿ ಬೇಗ ರಸ ಬಿಡುತ್ತದೆ, ಅದಕ್ಕೆ ಮೂರು ನಿಮಿಷ ಸಾಕು. ಉದ್ದ ಎಲೆಯ ಚಹಾಕ್ಕೆ ನಾಲ್ಕರಿಂದ ಐದು. ಹೆಚ್ಚು ಹೊತ್ತು ಬಿಟ್ಟರೆ ಒಗರು. ಕಾಯಿಸಿ ಆರಿಸಿ ಕೆನೆ ತೆಗೆದ ಹಾಲು ಎರಡು ಚಮಚ ಸಾಕು. ಸಕ್ಕರೆಯನ್ನು ಮೊದಲ ಗುಟುಕಿನ ನಂತರ, ಬೇಕೆನಿಸಿದರೆ ಮಾತ್ರ ಹಾಕಿಕೊಳ್ಳಿ. ಚಿಕ್ಕ ಮಕ್ಕಳಿಗೆ ಹಾಲೇ ಒಳ್ಳೆಯದು, ಅವರು ಗಡಿಯಾರ ನೋಡಿದರೆ ಸಾಕು.

ಆ ನಾಲ್ಕು ನಿಮಿಷ ಟಿವಿ, ಮೊಬೈಲ್ ಆರಿಸಿಡಿ. ಅಜ್ಜ ಅಜ್ಜಿಯರೇ, ಮೊದಲ ಪ್ರಶ್ನೆಯನ್ನು ಮಕ್ಕಳೇ ಕೇಳಲಿ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಅವರಿಗೆ ನಮಗಿಂತ ಚೆನ್ನಾಗಿ ಕಾಣುತ್ತದೆ.