ಗೊಂಬೆಯ ಕೈಯಲ್ಲಿ ಬೀಗದಕೈ

ಹೆಣ್ಣನ್ನು ವಸ್ತುವಾಗಿ ಕಾಣುವುದು ಅಂದರೇನು ಎಂದು ನಮ್ಮ ಸಂಡೂರು, ಹೊಸಪೇಟೆ ಸೀಮೆಯವರಿಗೆ ಪುಸ್ತಕ ತೋರಿಸಿ ಕಲಿಸಬೇಕಿಲ್ಲ. ಮುತ್ತು ಕಟ್ಟುವಾಗ ಹುಡುಗಿಯ ಒಪ್ಪಿಗೆ ಕೇಳಿದವರು ಯಾರು? ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ ಬಂದದ್ದು 1982ರಲ್ಲಿ. ಮದುವೆಯಾದವರ ಕತೆಯೂ ಅಷ್ಟಕ್ಕಷ್ಟೆ. ವ್ಯಭಿಚಾರದ ಬಗೆಗಿನ 497ನೇ ಕಲಂ, ಗಂಡನ ಸಮ್ಮತಿಯಿದ್ದರೆ ಅಪರಾಧವೇ ಅಲ್ಲ ಎನ್ನುತ್ತಿತ್ತು. ಹೆಂಡತಿಯ ಸಮ್ಮತಿ ಲೆಕ್ಕಕ್ಕೇ ಇರಲಿಲ್ಲ. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ್ದು 2018ರಲ್ಲಿ.

ಕಾಲೇಜಿನಲ್ಲಿ ಇದನ್ನೆಲ್ಲ ನನಗಿಂತ ಜೋರಾಗಿ ಮಾತಾಡುತ್ತಿದ್ದ ಗೆಳತಿಯೊಬ್ಬಳು ಈಗ ಯಶವಂತನಗರದಲ್ಲಿದ್ದಾಳೆ. ಒಂದು ಸಂಜೆ ತಗ್ಗಿದ ದನಿಯಲ್ಲಿ ಹೇಳಿದಳು: “ನಾವಿಬ್ಬರೇ ಇದ್ದಾಗ ಒಂದೊಂದ್ಸಲ ನಾನು ಗೊಂಬಿ ಆಗ್ತೀನಿ. ಆತ ಕುಂದ್ರಿಸಿದಂಗ ಕುಂದ್ರಬೇಕು, ಮಾತಾಡಂಗಿಲ್ಲ. ಈ ಮಾತು ತೆಗೆದಾಕಿನೂ ನಾನೇ. ಹಂಗಾರ ಅಷ್ಟು ದಿನ ಆಡಿದ್ದು ಸುಳ್ಳೇನು?”

ಅಮೆರಿಕದ ತತ್ವಶಾಸ್ತ್ರಜ್ಞೆ ಮಾರ್ತಾ ನುಸ್‌ಬಾಮ್ 1995ರ ಪ್ರಬಂಧವೊಂದರಲ್ಲಿ ಮನುಷ್ಯರನ್ನು ವಸ್ತುವಾಗಿಸುವ ಏಳು ಬಗೆಗಳನ್ನು ಗುರುತಿಸುತ್ತಾರೆ. ಸಾಧನದಂತೆ ಬಳಸುವುದು, ಒಡೆತನ ಹೂಡುವುದು, ಮನಸ್ಸೇ ಇಲ್ಲವೆಂಬಂತೆ ನಡೆಸಿಕೊಳ್ಳುವುದು ಇತ್ಯಾದಿ. ಆದರೆ ಎಲ್ಲ ಸಂದರ್ಭದಲ್ಲೂ ಅದು ಕೇಡಲ್ಲ ಎಂಬುದು ಅವರ ವಾದ. ಇನಿಯನ ಹೊಟ್ಟೆಯನ್ನೇ ದಿಂಬು ಮಾಡಿಕೊಂಡು ಮಲಗಿದರೆ ತಪ್ಪೇನು? ಅವನು ಒಪ್ಪಿರಬೇಕು, ಉಳಿದಂತೆ ಅವನನ್ನು ದಿಂಬಿಗಿಂತ ಹೆಚ್ಚಿನವನಾಗಿ ಕಾಣಬೇಕು, ಅಷ್ಟೆ.

ನಮ್ಮ ಕಡೆ ಬಯಲಾಟಕ್ಕೂ ‘ಆಟ’ ಅಂತಲೇ ಅನ್ನುವುದು. ರಾತ್ರಿಯಿಡೀ ರಾಕ್ಷಸನಾದವನು ಬೆಳಗ್ಗೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ಊರವರೂ ಅವನನ್ನು ರಾಕ್ಷಸ ಅನ್ನುವುದಿಲ್ಲ. ವೇಷ ಹಾಕುವುದೂ ಕಳಚುವುದೂ ಅವನ ಕೈಯಲ್ಲೇ ಇದೆ. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಇಲ್ಲದೆ ಹೋದದ್ದು ಅದೇ. ಹಾಗಾಗಿ ಅವಳನ್ನು ಒಂದೇ ಮಾತು ಕೇಳಿದೆ: ಬಾಯಿ ಬಿಡುವಂತಿಲ್ಲ ಅಂದಮೇಲೆ ‘ಸಾಕು’ ಅನ್ನುವುದು ಹೇಗೆ?

“ಕೈಯಾಗ ಬೀಗದಕೈ ಹಿಡಕೊಂಡಿರ್ತೀನಿ. ಕೆಳಗ ಬಿಟ್ರ ಆಟ ಮುಗೀತು. ಒಮ್ಮೆ ಬಿಟ್ಟಿದ್ದೆ. ಆತ ಎದ್ದು ದೀಪ ಹಾಕಿ, ನೀರು ತಂದುಕೊಟ್ಟು, ಏನಾತು ಅಂತ ಕೇಳ್ದ.”

ನನಗೆ ಸಮಾಧಾನವಾದದ್ದು ಆ ನೀರಿನ ಮಾತಿಗೆ. ಆದರೂ ಅವಳಿಗೆ ಕಾನೂನಿನ ವಿಚಾರವನ್ನೂ ಹೇಳಿದೆ. ಹದಿನೆಂಟು ದಾಟಿದ ಹೆಂಡತಿಯ ಮೇಲಿನ ಗಂಡನ ಬಲಾತ್ಕಾರವನ್ನು ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಈಗಲೂ ಅತ್ಯಾಚಾರ ಎಂದು ಕರೆಯುವುದಿಲ್ಲ. ಕೌಟುಂಬಿಕ ಹಿಂಸೆಯ ಕಾಯ್ದೆಯ ಮೊರೆ ಹೋಗಬಹುದು, ನಿಜ. ಆದರೆ ಬೀಗದಕೈ ನೆಲಕ್ಕೆ ಬಿದ್ದ ಸದ್ದು ಕೇಳಿ ಆಟ ನಿಲ್ಲಿಸುವುದು ಸದ್ಯಕ್ಕೆ ಅವನೊಬ್ಬನ ಒಳ್ಳೆಯತನಕ್ಕೆ ಬಿಟ್ಟದ್ದು.