ಸೀಸದ ಗುಂಡು

ಸೀಸವು 327 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೇ ಕರಗುವ ಮೃದುಲೋಹ. ಕ್ಯಾಸಂಬಳ್ಳಿಯ ಕಡೆ ರಾಗಿಹೊಲಕ್ಕೆ ನುಗ್ಗುವ ಹಂದಿಗಾಗಿ ಮನೆಯ ಒಲೆಯಲ್ಲಿಯೇ ಅದರ ಗುಂಡುಗಳನ್ನು ಎರಕ ಹೊಯ್ಯುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿರುವೆನು. ತುದಿಯಲ್ಲಿ ಕುಳಿಯುಳ್ಳ ಗುಂಡಾದರೆ ಮೈಹೊಕ್ಕೊಡನೆ ಅಣಬೆಯಂತೆ ಅರಳಿ ಗಾಯವನ್ನು ಹಿರಿದುಮಾಡುವುದು. ಇಂತಹ ಗುಂಡನ್ನು 1899ರ ಹೇಗ್ ಸಮ್ಮೇಳನವು ಯುದ್ಧದಲ್ಲಿ ನಿಷೇಧಿಸಿತು. ಪಾಠಶಾಲೆಯಲ್ಲಿ ನಾವು ಓದಿದ ಮನುಸ್ಮೃತಿಯ ಏಳನೆಯ ಅಧ್ಯಾಯವೂ ಕರ್ಣಿಯನ್ನು, ಎಂದರೆ ಕೀಳಲಾಗದ ಮುಳ್ಳುಬಾಣವನ್ನು, ರಣದಲ್ಲಿ ಬೇಡವೆಂದಿದೆ.

ಮನುಷ್ಯನಿಗೆ ಕ್ರೌರ್ಯವೆನಿಸಿದುದು ಮೃಗಕ್ಕೆ ದಯೆಯೆನಿಸುವುದು ಹೇಗೆ? ಗಾಯಗೊಂಡ ಭಟನಿಗೆ ವೈದ್ಯನುಂಟು, ಹಂದಿಗಿಲ್ಲ. ಆದುದರಿಂದ ಅದು ಬೇಗ ಸಾಯಲಿ ಎಂಬರು ಬೇಟೆಗಾರರು. ನ್ಯಾಯವೇನೋ ಸರಿ. ಆದರೆ ಎರಕದಲ್ಲಿ ಗುಳ್ಳೆಯೊಂದು ಉಳಿದರೂ ಗುಂಡು ಓರೆಯಾಗುವುದು. ಏಟುತಿಂದ ಹಂದಿಯು ಪೊದೆಯಲ್ಲಿ ರಾತ್ರಿಯೆಲ್ಲ ನರಳುವುದು. ಆ ನರಳಿಕೆಯನ್ನು ಕೇಳಿದ ನನಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಹಾಕಿದ ಕಡಿವಾಣವು ಕಠಿಣವೆನಿಸದು.